ಅರ್ಧ ಸಾಲಿನ ಅಂಬಿಗ

ಧಣಿ ದೋನ್ ಬೆಲಿಸಾರಿಯೊನ ಮೇಲೆ ಆ ದ್ವೀಪದಲ್ಲಿ ಹನ್ನೆರಡು ಹಾಡುಗಳಿದ್ದವು. ಮಾಟಗಾರರ ಕಪ್ಪು ಹಡಗು ಹತ್ತಿ, ಅವರ ಕೈಯಿಂದ ಏಳು ಜನರನ್ನು ಬಿಡಿಸಿಕೊಂಡು ಬಂದ ಶೂರನಲ್ಲವೇ! ಮದುವೆಯಲ್ಲಿ ಅವನ ಹಾಡು, ಸಾವಿನ ಮನೆಯಲ್ಲಿ ಅವನ ಹಾಡು, ಹಂದಿ ಕೊಯ್ದರೂ ಅವನದೇ ಹಾಡು. ಒಂಬತ್ತನೆಯದರಲ್ಲಿ ಅರ್ಧ ಸಾಲು ಬರುತ್ತದೆ: ‘ದೋಣಿಯಲ್ಲೊಬ್ಬ ಅಂಬಿಗನೂ ಇದ್ದ.’ ಅಷ್ಟೇ, ಹೆಸರೂ ಇಲ್ಲ. ಆ ಅಂಬಿಗ ಎಡುವಿನಾಳ ತಮ್ಮ ನೊಲ್ಬೆರ್ತೊ. ಆ ಸಾಲು ಬಂದಾಗಲೆಲ್ಲ ಅವಳು ಎದ್ದು ಹೊರಗೆ ಹೋಗಿ ಉಗಿದು ಬರುತ್ತಿದ್ದಳು.

ಅವನು ದೋಣಿಯ ಹಗ್ಗ ಕೈಬಿಟ್ಟು ಮುಳುಗಿ ಸತ್ತನೆಂದು ಊರು ನಂಬಿತ್ತು. ಮಂಜು ಕವಿದು ಆ ಕಪ್ಪು ಹಡಗು ಕೊಲ್ಲಿಗೆ ಬಂದರೆ ಎಲ್ಲರೂ ಬಾಗಿಲು ಹಾಕಿಕೊಳ್ಳುತ್ತಿದ್ದರು; ಎಡುವಿನಾ ಮಾತ್ರ ದೋಣಿ ಹತ್ತಿ ಎದುರು ಹೋಗುತ್ತಿದ್ದಳು. ಹಡಗಿನ ಮೂತಿಯಲ್ಲಿ ಹಗ್ಗ ಹಿಡಿದು ನಿಂತ ತಮ್ಮ ಮೇಲಿಂದ ಕೂಗುತ್ತಿದ್ದ.

“ಅಕ್ಕಾ, ಧಣಿ ಒಂದ್ನಿಮಿಷ ಹಿಡ್ಕೋ, ಈಗ ಬಂದೆ ಅಂದ್ರು. ಬಂದ್ರಾ?”

ಒಂಬತ್ತು ವರ್ಷದಿಂದ ಅದೇ ಒಂದು ನಿಮಿಷ! ಆ ಹಗ್ಗ ಹಿಡಿದವನು ಇನ್ನೊಬ್ಬನ ಕೈಗೆ ಕೊಡುವವರೆಗೂ ಹಡಗಿನ ಆಳು. ಬೆಲಿಸಾರಿಯೊ ಅದು ಗೊತ್ತಿದ್ದೇ ಕೊಟ್ಟು ಬಂದಿದ್ದ. “ನಂಗೆ ಕೊಡೋ” ಎಂದು ಎಡುವಿನಾ ಎಷ್ಟು ಗೋಗರೆದರೂ ತಮ್ಮನದು ಒಂದೇ ಮಾತು: “ಧಣಿಗೆ ಮಾತು ಕೊಟ್ಟಿದೀನಿ. ಅವರೇ ಬಂದು ತಗೋಬೇಕು.” ಧಣಿಯೋ, ಅಂದಿನಿಂದ ಸಮುದ್ರಕ್ಕೆ ಕಾಲಿನ ಹೆಬ್ಬೆರಳನ್ನೂ ತಾಗಿಸಿರಲಿಲ್ಲ.

ಕೊನೆಗೆ ಅವನನ್ನು ನೀರಿಗಿಳಿಸಿದ್ದು ಹೊಗಳಿಕೆ. ಎದುರು ದ್ವೀಪದವರು, ನಿಮ್ಮಂಥ ಶೂರರಿಗೆ ಇಗರ್ಜಿಯ ಪಕ್ಕದಲ್ಲೇ ಜಾಗ ಕೊಡುತ್ತೇವೆ ಬನ್ನಿ ಎಂದರು. ಆ ದ್ವೀಪಗಳಲ್ಲಿ ಮನೆ ಬದಲಿಸುವುದೆಂದರೆ ಹಲಗೆಮನೆಯನ್ನೇ ದಿಮ್ಮಿಗಳ ಮೇಲೆ ಎತ್ತಿಟ್ಟು, ಎತ್ತು ಕಟ್ಟಿ ಎಳೆದು, ಉಬ್ಬರದ ಹೊತ್ತಿಗೆ ನೀರಿಗೆ ಬಿಟ್ಟು ದೋಣಿಯಿಂದ ಸಾಗಿಸುವುದು. ಯಜಮಾನ ಒಳಗೆ ಒಲೆ ಆರದಂತೆ ನೋಡಿಕೊಂಡು ಕೂರಬೇಕು. ಇದಕ್ಕೆಲ್ಲ ಮೊದಲು ಅವನು ತಾನೇ ಟೋಪಿ ತೆಗೆದು, ‘ನನ್ನೊಬ್ಬನ ಕೈಲಾಗಲ್ಲ, ಬನ್ನಿ’ ಎಂದು ಪ್ರತಿಯೊಬ್ಬರನ್ನೂ ಬೇಡಿಕೊಳ್ಳಬೇಕು. ಹಾಗೆ ಬೇಡಿಸಿಕೊಂಡವರು ತಮ್ಮ ಪಾಲಿನ ದಾರಿ ಮುಗಿಯುವವರೆಗೆ ಹಗ್ಗ ಬಿಡುವಂತಿಲ್ಲ. ಅವರು ಹಿಡಿದಿರುವಷ್ಟು ಹೊತ್ತು ಸಮುದ್ರದ ಯಾವ ಕೆಟ್ಟದ್ದೂ ಮನೆಯನ್ನು ಮುಟ್ಟುವುದಿಲ್ಲ. ಹಗ್ಗ ಕಟ್ಟಿದ ಮೇಲೆ ಬೇಡಿದರೆ ಬೇಡಿದಂತಲ್ಲ.

ಬೆಲಿಸಾರಿಯೊ ಎತ್ತು ಇದ್ದವರ ಮನೆಗೆಲ್ಲ ಹೋಗಿ ಬೇಡಿಕೊಂಡ. ಮೋಟಾರಿದ್ದ ದೋಣಿ ಇಡೀ ದ್ವೀಪಕ್ಕೆ ಎಡುವಿನಾಳದೊಂದೇ; ಅವಳ ಮನೆಗೆ ಮಾತ್ರ ಹೆಂಡತಿಯ ತಮ್ಮ ಹಕೋಬೊನನ್ನು ಕಳಿಸಿದ.

“ಎಡುವಿನಕ್ಕಾ, ನಾಳಿದ್ದು ಉಬ್ಬರಕ್ಕೆ ದೋಣಿ ತರ್ಬೇಕಂತೆ. ಭಾವ ಹೇಳಿದಾರೆ.”

“ಹೇಳಿದಾರೋ, ಬೇಡ್ಕೊಂಡಿದಾರೋ?”

“ಅಯ್ಯೋ, ಅವರು ನಿಮ್ಮನ್ನ ಬೇಡ್ಕೊಳೋದೇನಕ್ಕಾ! ಅವರ ಮನೆ ಎಳೆಯೋದು ನಿಮ್ಮ ಪುಣ್ಯ ಅಲ್ವಾ?”

“ಹೂಂ ಕಣಪ್ಪಾ, ನನ್ನ ಪುಣ್ಯಾನೇ. ಬರ್ತೀನಿ ಅನ್ನು.”

ಬಾಗಿಲು ಹಾಕಿದ ಮೇಲೆ ಅವಳು ಅಗುಳಿಯನ್ನೂ ಜಡಿದಳು. ಆ ಬಡ್ಡೀಮಗ ಒಂದು ಮಾತು ಬೇಡಿಕೊಂಡುಬಿಟ್ಟರೆ ಅವಳ ಕೈಯೂ ಕಟ್ಟಿತು, ತಮ್ಮನೂ ಹೋದ. ಎರಡು ದಿನ ಹೊರಗೆ ಹೆಜ್ಜೆ ಸಪ್ಪಳವಾದರೆ ಸಾಕು, ಅವಳು ಹಿತ್ತಲ ಬಾಗಿಲಿಂದ ಹೊರಬೀಳುತ್ತಿದ್ದಳು.

ಆ ದಿನ ಹನ್ನೆರಡು ಜೊತೆ ಎತ್ತು ಮನೆಯನ್ನು ಕಿರುಗುಟ್ಟಿಸುತ್ತ ದಡಕ್ಕೆ ತಂದವು. ಸೇಬಿನ ಹೆಂಡ ಹರಿಯಿತು, ಹಾಡು ಶುರುವಾಯಿತು. ಎಡುವಿನಾ ಹಗ್ಗ ಹಿಡಿದು ಮನೆಯ ದಿಮ್ಮಿಯ ಹತ್ತಿರ ಬಗ್ಗಿದಳು. ಬೆಲಿಸಾರಿಯೊ ನೇರ ಅವಳ ಮುಂದೆ ಬಂದು ನಿಂತ. ಟೋಪಿ ತೆಗೆದ. ಗಂಟು ಇನ್ನೂ ಬಿದ್ದಿರಲಿಲ್ಲ.

ಅವನು ಬೋಳುತಲೆಯ ಬೆವರು ಒರೆಸಿಕೊಂಡು ಟೋಪಿ ಮತ್ತೆ ಇಟ್ಟುಕೊಂಡ. “ಗಂಟು ಸರಿಯಾಗಿ ಹಾಕೇ. ನಿನ್ನ ತಮ್ಮನ ಥರ ಕೈ ಬಿಟ್ಟೀಯ!”

ಜನ ಗೊಳ್ಳೆಂದು ನಕ್ಕರು. ಆ ನಕ್ಕವರಲ್ಲಿ ಬೆಲಿಸಾರಿಯೊ ಬಿಡಿಸಿ ತಂದಿದ್ದ ಏಳು ಮಂದಿಯೂ ಇದ್ದರು, ನಿಜ ಗೊತ್ತಿದ್ದೂ ಒಂಬತ್ತು ವರ್ಷ ಬಾಯಿಗೆ ಹಾಡು ತುರುಕಿಕೊಂಡು ಸುಮ್ಮನಿದ್ದ ನಾಚಿಕೆಗೆಟ್ಟವರು.

“ಇಲ್ಲ ದೋನ್,” ಎಂದಳು ಎಡುವಿನಾ, ಗಂಟು ಬಿಗಿಯುತ್ತ. “ನಾವು ಅಕ್ಕ-ತಮ್ಮ, ಹೇಳಿದಷ್ಟು ಹೊತ್ತೂ ಹಿಡ್ಕೊಂಡಿರ್ತೀವಿ.”

ಎತ್ತಿನವರು ದಡದಲ್ಲೇ ಉಳಿದರು; ಬೆಲಿಸಾರಿಯೊ ಒಳಗೆ ಒಲೆಯ ಮುಂದೆ ಕೂತ ಮನೆಯನ್ನು ಎಡುವಿನಾಳ ದೋಣಿಯೊಂದೇ ಎಳೆದುಕೊಂಡು ಹೊರಟಿತು. ಕೊಲ್ಲಿಯ ನಡುವೆ ಮಂಜು ಇಳಿಯಿತು. ದಡದ ಹಾಡು ಕೇಳಿಸದಾಯಿತು; ಬೇರೊಂದು ಸಂಗೀತ, ಮಂಜಿನೊಳಗಿಂದ ಕಪ್ಪು ಹಡಗಿನ ದೀಪಗಳ ಸಾಲು. ಎಡುವಿನಾ ಮೋಟಾರು ನಿಲ್ಲಿಸಿ ತನ್ನ ಕಡೆಯ ಗಂಟು ಬಿಚ್ಚಿದಳು. ಹಗ್ಗ ನೀರಿಗೆ ಜಾರಿತು.

ಶೂರ ಬಾಗಿಲಿಗೆ ಓಡಿಬಂದ. “ಏಯ್, ಹಗ್ಗ! ಹಗ್ಗ ಹಿಡಿಯೇ!” ಹಡಗು ಕಂಡದ್ದೇ ಧ್ವನಿ ಕೀರಲಾಯಿತು. “ತಾಯೀ, ಬೇಡ್ಕೋತೀನಿ! ನಿನ್ನ ಕಾಲಿಗೆ ಬೀಳ್ತೀನಿ!”

“ಥೂ,” ಎಂದಳು ಎಡುವಿನಾ. “ಗಂಟು ಹಾಕೋ ಮುಂಚೆ ಬೇಡ್ಕೋಬೇಕಿತ್ತು.”

ಮನೆ ವಾಲಿತು. ಹೊಸ್ತಿಲು ದಾಟಿ ನೀರು ನುಗ್ಗಿ, ಒಳಗೆ ಒಲೆ ಚುಯ್ಯೆಂದು ಆರಿತು. ಮೇಲಿಂದ ಸಂಭ್ರಮದ ಕೂಗು: “ಧಣೀ! ಬಂದ್ರಾ! ತಗೊಳಿ, ತಗೊಳಿ!” ಹಗ್ಗ ಸುರುಳಿ ಬಿಚ್ಚಿಕೊಳ್ಳುತ್ತ ಬಂದು ಬಾಗಿಲಿಗೆ ಬಿತ್ತು. ಸೊಂಟದವರೆಗೆ ನೀರಲ್ಲಿದ್ದ ಬೆಲಿಸಾರಿಯೊಗೆ ಅದು ಯಾವ ಹಗ್ಗವೆಂದು ಗೊತ್ತಿತ್ತು. ಆದರೂ ಎರಡೂ ಕೈಯಿಂದ ಹಿಡಿದುಕೊಂಡ.

“ಒಂದ್ನಿಮಿಷ ಹಿಡ್ಕೊಳಿ ದೋನ್,” ಎಂದಳು ಎಡುವಿನಾ. “ಈಗ ಬಂದೆ.”

ಹಡಗು ಅವನನ್ನು ಎಳೆದುಕೊಂಡು ಮಂಜಿನಲ್ಲಿ ಮರೆಯಾಯಿತು. ಖಾಲಿ ಮನೆ ಹಿಂದೆ ತೇಲುತ್ತಿತ್ತು. ಊರವರು ಬೇಕಿದ್ದರೆ ಹದಿಮೂರನೆಯ ಹಾಡು ಕಟ್ಟಿಕೊಳ್ಳಲಿ!

ನೊಲ್ಬೆರ್ತೊ ಹಡಗಿನಿಂದ ಹಾರಿ ಅಕ್ಕನ ದೋಣಿ ಹತ್ತಿದ್ದ. ಒಂದು ದಿನವೂ ವಯಸ್ಸಾಗಿರಲಿಲ್ಲ. ಕೈಬೆರಳು ಮಾತ್ರ ಇನ್ನೂ ಹಗ್ಗ ಹಿಡಿದಂತೆಯೇ ಮಡಚಿಕೊಂಡಿದ್ದವು. ಅವನು ಮಂಜಿನ ಕಡೆಗೇ ನೋಡುತ್ತ ಕೂತ.

“ಅಕ್ಕಾ, ಧಣಿ ಒಬ್ಬರೇ ಇದಾರಲ್ಲ, ಪಾಪ. ವಾಪಸ್ ಹೋಗಿ ಸ್ವಲ್ಪ ಹೊತ್ತು ನಾನೇ ಹಿಡ್ಕೊಳ್ಳಲಾ?”

ಅವಳು ಅವನ ಕೆನ್ನೆಗೊಂದು ಬಿಗಿದಳು. ಆಮೇಲೆ ಅಳುತ್ತ, ಬೈಯುತ್ತ, ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸತೊಡಗಿದಳು.