ಈಲಿಗೊಂದು ಗೋರಿ

“ಹಚಾ! ಹಚಾ!” ಎಂದು ಕೋಲು ಬೀಸುತ್ತ ನೆರೆಮನೆಯ ಹುಚ್ಚಣ್ಣ ನಾಯಿಗಳನ್ನು ಅಂಗಳದಾಚೆ ಅಟ್ಟಿದ. ಅವು ಬೇಲಿಯ ತನಕ ಓಡಿ, ಅಲ್ಲೇ ಕುಂಡಿಯೂರಿ ಕುಳಿತು, ಮತ್ತೆ ಮನೆಯ ಕಡೆಗೇ ಮೂತಿ ತಿರುಗಿಸಿದವು. ಒಳಗೆ ಹಬೀಬ್ ಸಾಬರಿಗೆ ಸ್ನಾನ ಮಾಡಿಸಿ ಬಿಳಿಬಟ್ಟೆ ಸುತ್ತಿ ಮಲಗಿಸಿದ್ದರು. ಮದುವೆಗೂ ಹಬ್ಬಕ್ಕೂ ಬಾಳ್ಳುಪೇಟೆಗೆಲ್ಲ ಕುರಿ ಕೊಯ್ದು ಕೊಟ್ಟ ಕೈಗಳು ಆ ಬಟ್ಟೆಯೊಳಗೆ ಅಡಗಿದ್ದವು.

“ಅನ್ನ ಇಕ್ಕಿದೋರು ಹೋದ್ರು ಅಂತ ಮೂಕಪ್ರಾಣಿಗೂ ತಿಳಿದೈತೆ ನೋಡವ್ವ,” ಎಂದು ಹುಚ್ಚಣ್ಣನ ಹೆಂಡತಿ ಲಿಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮರಿಯಮ್ ಬೀಗೆ ಕಣ್ಣೀರು ಬರಲಿಲ್ಲ. ಗಂಡ ಸತ್ತ ದುಃಖಕ್ಕೆ ಮುಂಚೆಯೇ ಭಯ ಬಂದು ಎದೆಯಲ್ಲಿ ಕುಳಿತುಬಿಟ್ಟಿತ್ತು.

“ನಸೀರಾ ಎಲ್ಲಿ?” ಎಂದಳು.

“ಇಲ್ಲೇ ಅವ್ಳಲ್ಲ, ನಿನ್ ಬೆನ್ನಿಗೇ.”

ತಾಯಿಯಿಲ್ಲದ ಕೂಸು, ಐದು ವರ್ಷದ ಮೊಮ್ಮಗಳು, ಅಜ್ಜಿಯ ಬೆನ್ನಿಗೆ ಆತುಕೊಂಡು ಬೆರಳು ಚೀಪುತ್ತಿದ್ದಳು. ಮರಿಯಮ್ ಬೀ ಆ ಬೆರಳನ್ನು ಬಾಯಿಂದ ಕಿತ್ತು ತಂಬಿಗೆಯ ನೀರಿನಲ್ಲಿ ತೊಳೆದಳು. ಬೆಳಗಿನಿಂದ ಅದೆಷ್ಟನೆಯ ಸಲವೋ ಅವಳಿಗೇ ಗೊತ್ತಿರಲಿಲ್ಲ.

*

ಹೋದ ವರ್ಷ, ೧೯೬೦ರ ದೀಪಾವಳಿ ಕಳೆದ ಮೇಲೆ, ಹಾಸನದ ಡಾಕ್ಟರು ಸಾಬರ ಹೊಟ್ಟೆ ಒತ್ತಿ ನೋಡಿ, ಎಕ್ಸ್‌-ರೇ ತೆಗೆಸಿ ಕೇಳಿದ್ದರು: “ಕುರಿಯ ಈಲಿಯಲ್ಲಿ ನೀರುಗುಳ್ಳೆ ನೋಡಿದ್ದೀರಾ ಸಾಹೇಬರೆ?”

“ನೋಡ್ದೆ ಏನು ಸ್ವಾಮಿ. ಅಂಥಾದ್ನ ಗಿರಾಕಿಗೆ ಕೊಡಕಿಲ್ಲ. ನಾಯಿಗೆ ಎಸೀತೀನಿ. ಬಾಯಿಲ್ಲದ ಪ್ರಾಣಿ, ಪುಣ್ಯ ಬರ್ಲಿ ಅಂತ.”

“ಅಂಥದ್ದೇ ಗುಳ್ಳೆ ಈಗ ನಿಮ್ಮ ಈಲಿಯಲ್ಲಿ, ಲಿವರಿನಲ್ಲಿ, ಇದೆ. ಗುಳ್ಳೆ ತಿಂದ ನಾಯಿಯ ಹೊಟ್ಟೆಯಲ್ಲಿ ಹುಳ ಆಗುತ್ತೆ. ಹುಳದ ಮೊಟ್ಟೆ ಅದರ ಹೇಲಿನಲ್ಲಿ, ಮೈಕೂದಲಲ್ಲಿ ಇರುತ್ತೆ. ಆ ಮೊಟ್ಟೆ ಬಿದ್ದ ಹುಲ್ಲು ಮೇಯ್ದ ಕುರಿಗೂ ಗುಳ್ಳೆ, ಅದು ಅಂಟಿದ ಕೈ ಬಾಯಿಗಿಟ್ಟ ಮನುಷ್ಯನಿಗೂ ಗುಳ್ಳೆ.”

“ನಾವು ನಾಯಿ ಮುಟ್ಟೋ ಜನ ಅಲ್ಲ ಸ್ವಾಮಿ.”

“ಮಣ್ಣು ಮುಟ್ಟುತ್ತೀರಿ, ಸೊಪ್ಪು ತಿನ್ನುತ್ತೀರಿ. ಮಕ್ಕಳಂತೂ ನಾಯಿಮರಿಯನ್ನು ತೊಡೆಯ ಮೇಲೇ ಕೂರಿಸಿಕೊಳ್ಳುತ್ತಾರೆ.”

ಮೈಸೂರಿಗೆ ಹೋಗಿ ಹೊಟ್ಟೆ ಕೊಯ್ಸಿಕೊಳ್ಳಬೇಕು, ಗುಳ್ಳೆ ಒಳಗೇ ಒಡೆದರೆ ಜೀವಕ್ಕೆ ಅಪಾಯ ಎಂದರು ಡಾಕ್ಟರು. ಆಯುಷ್ಯವೆಲ್ಲ ಕತ್ತಿ ಹಿಡಿದ ಹಬೀಬ್ ಸಾಬರು ಕತ್ತಿಗೆ ಹೆದರಿ ಊರ ಬಸ್ಸು ಹತ್ತಿದರು. ಆಲೂರು ದಾಟಿದ ಮೇಲೆ ಪಕ್ಕದಲ್ಲಿದ್ದ ಹೆಂಡತಿಗೆ, “ಊರಿನ ನಾಯಿಗೆಲ್ಲ ನಾನೇ ಉಣಿಸಿದ್ದು ಮರಿಯಮ್,” ಎಂದರು. “ನಮ್ಮ ನಸೀರಾ ಆ ಕರಿ ನಾಯಿಮರಿ ಜೊತೆ ಆಡ್ತಾಳೆ.”

ಮರುದಿನವೇ ಹಿತ್ತಲಲ್ಲಿ ಗುಂಡಿ ತೋಡಿಸಿದರು. ಹುಚ್ಚಣ್ಣ ಗಾಡಿಯಲ್ಲಿ ಕಲ್ಲುಚಪ್ಪಡಿ ತಂದುಕೊಟ್ಟ. ಗುಳ್ಳೆ ಕಂಡ ಈಲಿಯೆಲ್ಲ ಗುಂಡಿಗೆ. ಮೇಲೆ ಸುಣ್ಣ, ಅದರ ಮೇಲೆ ಚಪ್ಪಡಿ. ಪೇಟೆಯವರಿಗೆ ನಗುವೋ ನಗು. “ಸಾಬ್ರು ಈಲಿಗೂ ಗೋರಿ ಕಟ್ಟವ್ರೆ ಕಣೋ!” ಊರ ಬಾಯಿ ಮುಚ್ಚಲು ಯಾವ ಚಪ್ಪಡಿ ಸಾಲುತ್ತದೆ? ಸಾಬರು ತಮ್ಮ ಕೆಲಸ ಬಿಡಲಿಲ್ಲ. ನಿನ್ನೆ ಬೆಳಿಗ್ಗೆಯೂ ಗುಳ್ಳೆ ತುಂಬಿದ ಈಲಿಯೊಂದನ್ನು ಗುಂಡಿಗೆ ಹಾಕಿ, ಸುಣ್ಣ ಸುರಿಯಲೆಂದು ಹಾರೆಯಿಂದ ಚಪ್ಪಡಿಯನ್ನು ಇನ್ನಷ್ಟು ಮೀಟುವಾಗ ಕಾಲು ಜಾರಿ ಹಾರೆಯ ಮೇಲೆಯೇ ಹೊಟ್ಟೆಯಡಿಯಾಗಿ ಬಿದ್ದರು. ಒಳಗೆ ಗುಳ್ಳೆ ಒಡೆಯಿತು. ಮೈಯೆಲ್ಲ ದದ್ದೆದ್ದು, ಉಸಿರು ಕಟ್ಟಿ, ಸಂಜೆಯೊಳಗೆ ಎಲ್ಲ ಮುಗಿಯಿತು. ಆ ಗಲಿಬಿಲಿಯಲ್ಲಿ ಮಗ ಅಕ್ರಂ ಚಪ್ಪಡಿಯನ್ನೇನೋ ಎಳೆದು ಮುಚ್ಚಿದ. ಸುಣ್ಣದ ನೆನಪು ಯಾರಿಗೂ ಆಗಲಿಲ್ಲ.

*

ಅಕ್ರಂ ಖಬರಸ್ತಾನದಿಂದ ಬೆವರುತ್ತ ಬಂದ. “ಅಮ್ಮೀ, ಮೊಣಕಾಲುದ್ದ ತೋಡೋಷ್ಟರಲ್ಲಿ ಬಂಡೆ ಸಿಕ್ತು. ಇನ್ನೊಂದು ಕಡೆ ತೋಡಿದ್ರೂ ಅದೇ ಬಂಡೆ. ಇಷ್ಟೇ ಸಾಕು ಅಂತಾವ್ರೆ ಹಿರಿಯರು.”

ಮರಿಯಮ್ ಬೀ ಬೇಲಿಯ ಬಳಿಯ ನಾಯಿಗಳತ್ತ ನೋಡಿದಳು. ಹೋದ ಮಳೆಗಾಲ ಅಲ್ಲೇ ಒಂದು ಮಗುವಿನ ಗೋರಿಯನ್ನು ನರಿ ಕೆದಕಿಹಾಕಿತ್ತು. ಗಂಡನ ಹೊಟ್ಟೆಯಲ್ಲಿರುವುದೂ ಅದೇ ಗುಳ್ಳೆಯಲ್ಲವೆ?

“ಮೇಲೆ ಮುಳ್ಳು ಹೊದಿಸ್ತೀವಿ ಬೀಯಮ್ಮ, ಹೆದರ್ಬ್ಯಾಡ,” ಎಂದ ಹುಚ್ಚಣ್ಣ.

“ಮುಳ್ಳಿಗೆ ಬಗ್ತಾವಾ ಅವು? ಹುಚ್ಚಣ್ಣ, ಅವರನ್ನ ನಾಯಿ ತಿನ್ಬಾರ್ದು. ಹಿತ್ತಲ ಚಪ್ಪಡಿ ತಗೊಂಡೋಗಿ ಅವರ ಮೇಲೆ ಹಾಕು.”

“ಗುಂಡಿಗೆ?”

“ಅಂಗಡಿ ಹಲಗೆ ಮುಚ್ಚಿ. ನಾಳೆ ಬೇರೆ ಕಲ್ಲು ತಂದ್ರಾಯ್ತು.”

ಅಕ್ರಂ ತಡವರಿಸಿದ. “ಅಮ್ಮೀ, ನಿನ್ನೆ ಹಾಕಿದ ಈಲಿ ಇನ್ನೂ ಮೇಲೇ ಐತೆ.”

“ನಿಮ್ಮಪ್ಪನೂ ಮೇಲೇ ಮಲಗ್ತಾರಲ್ಲೋ, ನಾಯಿ ಬಾಯಿಗೆ ಎಟುಕೋ ಹಂಗೆ!” ಎಂದು ಅವಳು ಕಿರುಚಿದಳು.

ಅಕ್ರಂ ಗುಂಡಿಯ ಮೇಲೆ ಅಂಗಡಿ ಹಲಗೆ ಎಳೆದ. ಚಪ್ಪಡಿ ಹುಚ್ಚಣ್ಣನ ಗಾಡಿಯಲ್ಲಿ ಮುಂದೆ ಹೋಯಿತು, ಜನಾಜ ಹೆಗಲುಗಳ ಮೇಲೆ ಹಿಂದೆ. ಬಾಗಿಲ ಸಂದಿಯಿಂದ ನೋಡುತ್ತಿದ್ದ ಮರಿಯಮ್ ಬೀಗೆ ನಾಯಿಗಳೂ ಎದ್ದು ಅದರ ಹಿಂದೆಯೇ ನಡೆದದ್ದು ಕಂಡಿತು. ಅವಳು ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು. ರಸ್ತೆಯ ತಿರುವಿನಲ್ಲಿ ಮಂಗಳೂರಿನ ಲಾರಿಯೊಂದು ಹಾದುಹೋಯಿತು. ಧೂಳು ಇಳಿದಾಗ ನಾಯಿಗಳು ನಿಂತುಬಿಟ್ಟಿದ್ದವು. ಆಮೇಲೆ ಒಂದರ ಹಿಂದೆ ಒಂದು ತಿರುಗಿ ಮನೆಯ ಕಡೆಗೇ ಬಂದವು.

“ಕಳಿಸಿಕೊಟ್ಟು ಬಂದ್ಬುಟ್ವು ನೋಡವ್ವ,” ಎಂದಳು ಲಿಂಗಮ್ಮ. “ಇನ್ನು ಅವರ ತಂಟೆಗೆ ಹೋಗಾಕಿಲ್ಲ. ಈಗಾದ್ರೂ ಅತ್ತುಬುಡು ತಾಯಿ.”

ಆಗ ಮರಿಯಮ್ ಬೀ ಅತ್ತಳು. ಲಿಂಗಮ್ಮನ ಹೆಗಲಿಗೆ ಹಣೆ ಹಚ್ಚಿ, ನಿನ್ನೆಯಿಂದ ತಡೆದದ್ದನ್ನೆಲ್ಲ ಅತ್ತಳು. ಕಲ್ಲಿನಡಿ ಅವರು ಇನ್ನು ಕ್ಷೇಮ ಎಂದು ಸಮಾಧಾನವೂ ಆಯಿತು.

ಬಿಕ್ಕು ನಿಂತಾಗ ಅಂಗಳ ಬರಿದಾಗಿತ್ತು. ಬೇಲಿಯ ಹತ್ತಿರವೂ ನಾಯಿಗಳಿರಲಿಲ್ಲ. ಅವಳು ಕೈಯನ್ನು ಹಿಂದಕ್ಕೆ ಚಾಚಿದಳು. ಬೆನ್ನ ಹಿಂದೆ ಯಾರೂ ಇರಲಿಲ್ಲ.

ಹಿತ್ತಲ ಬಾಗಿಲು ತೆರೆದಿತ್ತು. ಹಲಗೆ ಪಕ್ಕಕ್ಕೆ ಸರಿದುಬಿದ್ದಿತ್ತು. ಗುಂಡಿಯ ಸುತ್ತ ನಾಯಿಗಳು ತಲೆ ತಗ್ಗಿಸಿ, ಕಚ್ಚಾಡದೆ, ತಣ್ಣಗೆ ತಿನ್ನುತ್ತಿದ್ದವು.

“ದಾದೀ,” ಎಂದು ನಸೀರಾ ಅಜ್ಜಿಯನ್ನು ಕರೆದಳು. ಮಾಂಸ ಕೊಚ್ಚುವ ಕೊರಡಿನ ಮೇಲೆ ಕುಳಿತಿದ್ದಳು. ಕರಿಮರಿ ತೊಡೆಯ ಮೇಲಿತ್ತು. “ಪಾಪ, ಇದಕ್ಕೆ ಹಸಿವಾಗಿತ್ತು. ಈಗ ಉಣ್ತು.”

ಮರಿ ತನ್ನ ಒದ್ದೆ ಮೂತಿಯನ್ನು ಒಮ್ಮೆ ನೆಕ್ಕಿಕೊಂಡಿತು. ಆಮೇಲೆ ಕತ್ತು ಚಾಚಿ, ನಗುತ್ತಿದ್ದ ಮಗುವಿನ ತುಟಿಗಳನ್ನು ನೆಕ್ಕತೊಡಗಿತು.