ದೊಡ್ಡಕ್ಕ ಇಲ್ಲದ ಎರಡು ಗಂಟೆ

ಇದು ನಿಜವಾಗಿಯೂ ನಡೆದ ಕಥೆ. ನಂಬದವರು ಆ ಆರೋಗ್ಯ ಕೇಂದ್ರಕ್ಕೆ ಹೋಗಿ ಔಷಧಿ ಕಿಟಕಿಯ ಪಕ್ಕದ ಮೊಳೆ ನೋಡಬಹುದು; ಅದಕ್ಕೆ ತೂಗುಹಾಕಿದ ರಟ್ಟಿನ ತುಂಡು ಇನ್ನೂ ಅಲ್ಲೇ ಇದೆ. ನಂಬುವವರು ದಯವಿಟ್ಟು ಹೋಗಬೇಡಿ, ಅಲ್ಲಿ ಮೊದಲೇ ನೂಕುನುಗ್ಗಲು.

ಕೇಂದ್ರದಲ್ಲಿ ಆರು ಕೋಣೆ, ಹದಿನೇಳು ಬೀಗ, ಒಬ್ಬಳೇ ದೊಡ್ಡಕ್ಕ. ಮೂವತ್ತೊಂದು ವರ್ಷದಿಂದ ಅಲ್ಲಿ ನರ್ಸ್. ಎದುರಿಗೆ ಎಲ್ಲರಿಗೂ ದೊಡ್ಡಕ್ಕ, ಬೆನ್ನ ಹಿಂದೆ ಹೆಡ್ಡಾಫೀಸು. ಯಾಕೆಂದರೆ ಇಲಾಖೆಯ ಆಫೀಸು ಎಲ್ಲೇ ಇರಲಿ, ಈ ಕೇಂದ್ರದ ಆಫೀಸು ಇದ್ದದ್ದು ಅವಳ ಹೆಡ್ಡಿನಲ್ಲಿ. ಯಾವ ಪೆಟ್ಟಿಗೆಯಲ್ಲಿ ಯಾವ ಸೂಜಿ, ಯಾವ ಸಿಲಿಂಡರಿನ ತಿರುಪು ಬಿಗಿ, ಯಾವ ಬೀದಿಯ ಯಾವ ಅಜ್ಜನಿಗೆ ಯಾವ ಮಾತ್ರೆ ಆಗುವುದಿಲ್ಲ, ಎಲ್ಲವೂ ಅಲ್ಲೇ ದಾಖಲು. ಹದಿನೇಳು ಕೀಗಳು ಸೊಂಟದ ಗೊಂಚಲಿನಲ್ಲಿ. ಒಂದಕ್ಕೂ ಚೀಟಿಯಿಲ್ಲ. ಬೆರಳು ಸವರಿದರೆ ಸಾಕು, ಯಾವ ಕೀ ಅಂತ ಅವಳಿಗೆ ಗೊತ್ತಾಗುತ್ತಿತ್ತು.

ಇಂಥ ದೊಡ್ಡಕ್ಕನ ಎಡಗಾಲಿನ ಮಂಡಿ ಕೈಕೊಟ್ಟಿತ್ತು. ಆಪರೇಷನ್ನಿಗೆ ಮೂರು ಸಲ ದಿನ ಗೊತ್ತಾಗಿತ್ತು, ಮೂರು ಸಲವೂ ಅವಳೇ ಮುಂದೂಡಿದ್ದಳು. ಒಮ್ಮೆ ಜ್ವರದ ಕಾಲ, ಒಮ್ಮೆ ಲಸಿಕೆಯ ವಾರ, ಒಮ್ಮೆ ಹೊಳೆ ನೀರು ಊರಿಗೇ ನುಗ್ಗಿದ್ದು. ಆ ನೆರೆಯಲ್ಲಿ ಮೂರು ದಿನ ನಿಂತೇ ಇದ್ದಳು. ಮೂರನೆಯ ದಿನ ಗೋಡೆಗೆ ಒರಗಿ ನಿಂತಲ್ಲೇ ನಿದ್ದೆ ಹೋದಾಗ ಕೇಂದ್ರವೂ ಜೊತೆಗೇ ನಿದ್ದೆ ಹೋಯಿತು. ಅವಳ ಸೊಂಟದಿಂದ ಕೀ ಬಿಚ್ಚಿಕೊಳ್ಳುವ ಎದೆಗಾರಿಕೆ ಯಾರಿಗೂ ಇರಲಿಲ್ಲ. ಇಪ್ಪತ್ತು ನಿಮಿಷ ಎಲ್ಲರೂ ಬಾಗಿಲ ಮುಂದೆ ಕಾದರು. ಆಕೆ ಎದ್ದಮೇಲೆ ಯಾರೂ ಆ ಮಾತೆತ್ತಲಿಲ್ಲ.

ನಾಲ್ಕನೆಯ ದಿನಾಂಕ ಬಂದಾಗ ಮೂಳೆ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: "ಈ ಸಲಾನೂ ಬರದಿದ್ರೆ ಸಾಲಿನ ಕೊನೆಗೆ ಹೋಗ್ತೀರಮ್ಮ. ಮುಂದಿನ ವರ್ಷ ಬರೋ ಹೊತ್ತಿಗೆ ನಡ್ಕೊಂಡು ಬರಲ್ಲ, ಹೊತ್ಕೊಂಡು ಬರ್ತಾರೆ."

ದೊಡ್ಡಕ್ಕ ರಜೆಯ ಅರ್ಜಿ ಬರೆದಳು. ಸಹಿ ಮಾಡಲಿಲ್ಲ. ಡ್ರಾಯರಿನಲ್ಲಿಟ್ಟು ಅದಕ್ಕೂ ಬೀಗ ಹಾಕಿದಳು.

"ಅಮ್ಮಾ, ನೀನಿಲ್ದೆ ಹೋದ್ರೆ ಅಲ್ಲಿ ಆಕಾಶ ಬೀಳುತ್ತಾ?" ಎಂದು ಮಗಳು ಕೇಳಿದಳು.

"ಆಕಾಶ ಬೀಳಲ್ಲ. ಆಕ್ಸಿಜನ್ ರೂಮಿನ ಬಾಗಿಲು ತೆಗೆಯಲ್ಲ."

ಆಪರೇಷನ್ನಿಗೆ ಮೂರು ವಾರ ಇರುವಾಗ, ಒಂದು ಬೆಳಿಗ್ಗೆ ಒಂಬತ್ತೂವರೆಗೆ ಫೋನು ಹೊಡೆದುಕೊಂಡಿತು. ಆ ಕಡೆ ಮೇಲಧಿಕಾರಿ. ಅವರ ಗಂಟಲು ಯಾರಿಗೆ ಗೊತ್ತಿಲ್ಲ? ಮೊದಲು ಒಂದು "ಹ್ಹಂ", ಕೊನೆಗೆ ಒಂದು "ತಿಳೀತಾ?", ನಡುವೆ ಇನ್ನೊಬ್ಬರಿಗೆ ಜಾಗವಿಲ್ಲ.

"ಹ್ಹಂ. ಇವತ್ತು ನಿಮ್ಮಲ್ಲಿ ಅಣಕು ಕಾರ್ಯಾಚರಣೆ. ಸೋಪಿನ ಕಾರ್ಖಾನೇಲಿ ಗ್ಯಾಸ್ ಸೋರಿದೆ ಅಂತ ಇಟ್ಕೊಳ್ಳಿ. ಹತ್ತು ಗಂಟೆಗೆ ಇಪ್ಪತ್ತೆರಡು ಜನ ಬರ್ತಾರೆ. ತಿಳೀತಾ?"

"ಆಯ್ತು ಸಾರ್, ನಾನು ಈಗ್ಲೇ—"

"ನೀವು ಏನೂ ಮಾಡೋ ಹಾಗಿಲ್ಲ. ಹತ್ತರಿಂದ ಹನ್ನೆರಡರ ತನಕ ನೀವು ಇಲ್ಲ."

"ಇಲ್ಲ ಅಂದ್ರೆ... ರಜೇನಾ ಸಾರ್?"

"ಇಲ್ಲ ಅಂದ್ರೆ ಇಲ್ಲ! ಸತ್ತಿದ್ದೀರಿ ಅಂತ ಬೇಕಾದ್ರೂ ಇಟ್ಕೊಳ್ಳಿ. ಕುರ್ಚಿ ಹಾಕ್ಕೊಂಡು ಕೂತಿರಿ. ಸತ್ತವರು ಮಾತಾಡಲ್ಲ, ಕೀ ಕೊಡಲ್ಲ, ಕಣ್ಸನ್ನೆ ಮಾಡಲ್ಲ. ತಿಳೀತಾ?"

ಮೂವತ್ತೊಂದು ವರ್ಷದಲ್ಲಿ ಒಂದು ಆದೇಶವನ್ನೂ ಮೀರದ ದೊಡ್ಡಕ್ಕ, ಸಾಯುವ ಆದೇಶವನ್ನೂ ಮೀರಲಿಲ್ಲ. ಔಷಧಿ ಕೊಡುವ ಗಿಳಿರಾಯ ಎಲ್ಲಿಂದಲೋ ಓಡಿಬಂದು, ಒಂದು ರಟ್ಟಿನ ತುಂಡಿಗೆ ಡ್ರಿಪ್ಪಿನ ಕೊಳವೆ ಪೋಣಿಸಿ, ಅವಳ ಕೊರಳಿಗೆ ಹಾಕಿದ. ರಟ್ಟಿನ ಮೇಲೆ ದಪ್ಪಕ್ಷರದಲ್ಲಿ: "ನಾನು ಇಲ್ಲ."

"ಇದನ್ನ ಯಾವಾಗ ಬರೆದ್ಯೋ?" ಎಂದಳು ದೊಡ್ಡಕ್ಕ.

"ಅಕ್ಕಾ, ಹತ್ತು ಗಂಟೆ ಆಯ್ತು. ಸತ್ತವರು ಪ್ರಶ್ನೆ ಕೇಳಲ್ಲ."

ಹತ್ತಕ್ಕೆ ಸರಿಯಾಗಿ "ರೋಗಿಗಳು" ಬಂದರು. ಎದುರು ಬೀದಿಯ ಹೊಲಿಗೆ ತರಗತಿಯವರು, ಕ್ಷೌರದಂಗಡಿಯವನು, ಅವನ ಅರ್ಧ ಕ್ಷೌರದ ಗಿರಾಕಿ. ಎಲ್ಲರ ಎದೆಗೂ ಪಿನ್ನು ಹಾಕಿದ ಚೀಟಿ: ಉಬ್ಬಸ, ಕಣ್ಣುರಿ, ವಾಂತಿ. "ಪ್ರಜ್ಞೆ ಇಲ್ಲ" ಎಂಬ ಚೀಟಿಯ ಹೆಂಗಸು ಸ್ಟ್ರೆಚರಿನ ಮೇಲೆ ಮಲಗಿ, ಫೋನು ಬಂದಾಗ ಎದ್ದು ಕೂತು, "ಕುಕ್ಕರ್ ಎರಡು ಸಲ ಕೂಗಿದ ಮೇಲೆ ಆರಿಸು" ಎಂದು ಮನೆಗೆ ಹೇಳಿ ಮತ್ತೆ ಪ್ರಜ್ಞೆ ತಪ್ಪಿದಳು.

ದೊಡ್ಡಕ್ಕನಿಗೂ ಮೊದಲು ನಗು ಬಂತು. ಆಮೇಲೆ ನಗು ಹೋಯಿತು.

ಡಾಕ್ಟರಮ್ಮ ಕೇಂದ್ರಕ್ಕೆ ಬಂದು ಎಂಟು ತಿಂಗಳಾಗಿತ್ತು ಅಷ್ಟೆ. "ಆಕ್ಸಿಜನ್!" ಎಂದು ಕೂಗಿದರು. ಎಲ್ಲರೂ ಅಭ್ಯಾಸಬಲದಿಂದ ದೊಡ್ಡಕ್ಕನ ಕಡೆ ತಿರುಗಿದರು. ಅಲ್ಲಿ ರಟ್ಟಿತ್ತು. ಬಾಗಿಲಿಗೆ ಬೀಗವಿತ್ತು. ಕೀಗೊಂಚಲು, ಅದೂ ಇಲ್ಲದವಳ ಸೊಂಟದಲ್ಲಿತ್ತು.

ಕಿರಿಯ ನರ್ಸು ಕೆಂಪು ಫೈಲು ತೆಗೆದಳು. ಆಪತ್ಕಾಲದಲ್ಲಿ ಯಾರಿಗೆ ಫೋನು ಮಾಡಬೇಕೆಂಬ ಪಟ್ಟಿ ಅದರಲ್ಲಿತ್ತು: ಹನ್ನೊಂದು ನಂಬರು. ಈ ಹುಡುಗಿಯ ದನಿ ಎಷ್ಟು ಸಣ್ಣದೆಂದರೆ ಅವಳಿಗೆ ಪಿಸುಮಾತು ಎಂದೇ ಹೆಸರು. ಅವಳು ಹೆಸರು ಕರೆದರೆ ರೋಗಿಗಳು ಫ್ಯಾನಿನ ಸದ್ದೆಂದು ಸುಮ್ಮನಿರುತ್ತಿದ್ದರು. ಮೊದಲ ನಾಲ್ಕು ನಂಬರು ನಿವೃತ್ತರಾದವರದು. ಐದನೆಯದನ್ನು ಎತ್ತಿದ ಹೆಂಗಸು, "ಅವರು ತೀರ್ಕೊಂಡು ಎರಡು ವರ್ಷ ಆಯ್ತಮ್ಮ" ಎಂದು ಅತ್ತೇಬಿಟ್ಟಳು. ಆರನೆಯದು, ಆಂಬುಲೆನ್ಸ್ ಎಂದು ಬರೆದದ್ದು, ಯಾವುದೋ ಟೈಲರನದು. "ನಿಮ್ಮ ಪ್ಯಾಂಟು ಇನ್ನೂ ಆಗಿಲ್ಲ, ನಾಡಿದ್ದು ಬನ್ನಿ" ಎಂದು ಇಟ್ಟುಬಿಟ್ಟ.

ಆಂಬುಲೆನ್ಸಿನ ಡ್ರೈವರ್ ಅಲ್ಲೇ ಪಕ್ಕದಲ್ಲಿ ನಿಂತಿದ್ದ. "ನನ್ನ ನಂಬರ್ ದೊಡ್ಡಕ್ಕಂಗೆ ಬಾಯಿಪಾಠ" ಎಂದು ತಲೆ ಕೆರೆದುಕೊಂಡ.

ದೊಡ್ಡಕ್ಕನ ನಾಲಿಗೆ ತುರಿಸಿತು. ಕೈ ತುರಿಸಿತು. ಉಬ್ಬಸದ ಪಂಪುಗಳು ಎರಡನೆಯ ಕಪಾಟಿನ ಕೆಳಗಿನ ಅರೆಯಲ್ಲಿವೆ, ಬ್ಯಾಂಡೇಜ್ ಪೆಟ್ಟಿಗೆಯ ಹಿಂದೆ! ತನಗೇ ತಿಳಿಯದೆ ಕಣ್ಣು ಆ ಕಡೆ ಹೊರಳಿತು. ಸ್ಟ್ರೆಚರಿನ ಮೇಲಿಂದ ಪ್ರಜ್ಞೆ ಇಲ್ಲದ ಹೆಂಗಸು ಬೆರಳು ತೋರಿಸಿ ಕೂಗಿದಳು: "ನೋಡ್ರಪ್ಪಾ, ಸತ್ತವರು ಕಣ್ಣಲ್ಲಿ ಹೇಳಿಕೊಡ್ತಿದ್ದಾರೆ!"

ದೊಡ್ಡಕ್ಕ ಕಣ್ಣು ಮುಚ್ಚಿಕೊಂಡಳು. ಹಾಗಾಗಿ ಮುಂದಿನದನ್ನು ಅವಳು ಮೊದಲು ಕೇಳಿದಳು, ಆಮೇಲೆ ನೋಡಿದಳು.

"ಏಯ್!" ಎಂದು ಯಾರೋ ಕಿರುಚಿದರು. ಕಿಟಕಿಯ ಗಾಜು ಅದುರಿತು. ಅಷ್ಟು ದೊಡ್ಡ ಗಂಟಲು ಅಲ್ಲಿ ಯಾರದೂ ಇರಲಿಲ್ಲ. ಕಣ್ಣು ಬಿಟ್ಟರೆ ಪಿಸುಮಾತು ಸ್ಟೂಲಿನ ಮೇಲೆ ನಿಂತಿದ್ದಾಳೆ. ಮುಖವೆಲ್ಲ ಕೆಂಪು. "ಉಸಿರಾಡೋಕೆ ಆಗದವರು ಈ ಕಡೆ! ನಡೆಯೋಕೆ ಆಗೋರು ಹೊರಗಡೆ ಬೆಂಚಿಗೆ! ಡ್ರೈವರಣ್ಣ, ಬೀಗ ಬಿಡಿ, ಬಾಗಿಲಿನ ಕೀಲು ಬಿಚ್ಚಿ!"

ಡ್ರೈವರ್ ಗಾಡಿಯಿಂದ ಸ್ಕ್ರೂಡ್ರೈವರ್ ತಂದ. ಬಾಗಿಲು ಬೀಗದ ಕಡೆಯಿಂದ ತೆರೆಯದೆ ಇನ್ನೊಂದು ಕಡೆಯಿಂದ ತೆರೆಯಿತು. ಗಡಿಯಾರ ಹನ್ನೊಂದೂಕಾಲು ತೋರಿಸುತ್ತಿತ್ತು.

ಹನ್ನೆರಡಕ್ಕೆ ಗಿಳಿರಾಯ ಗೋಡೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಂಕಿ ಬರೆದ: ಮೂರು.

"ಇದೇನೋ?" ಎಂದಳು ದೊಡ್ಡಕ್ಕ. ಎರಡು ಗಂಟೆಯಲ್ಲಿ ಅವಳ ಮೊದಲ ಮಾತು.

ಗಿಳಿರಾಯ ಕೈಯ ಸೀಮೆಸುಣ್ಣ ಒರೆಸಿಕೊಳ್ಳತೊಡಗಿದ. ಡಾಕ್ಟರಮ್ಮನೇ ಹೇಳಿದರು: "ಆ ಬಾಗಿಲು ತೆಗೆಯೋಕೆ ಎಪ್ಪತ್ತೈದು ನಿಮಿಷ ಆಯ್ತು ಅಕ್ಕಾ. ನಿಜವಾಗಿದ್ರೆ ಅಷ್ಟರಲ್ಲಿ ಮೂರು ಜನ ಉಳೀತಿರಲಿಲ್ಲ."

ಆ ಮೂವರು ಹೊರಗೆ ಬೆಂಚಿನ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿದ್ದರು. ಆದರೂ ದೊಡ್ಡಕ್ಕನಿಗೆ ಅವರ ಕಡೆ ನೋಡಲಾಗಲಿಲ್ಲ. ಸಿಟ್ಟು ಉಕ್ಕಿತು. ಯಾರ ಮೇಲೆ ಎಂದು ತಿಳಿಯದೆ, ಮೇಲಧಿಕಾರಿಗೇ ಫೋನು ಹಚ್ಚಿದಳು.

"ಸಾರ್, ಮೊದಲೇ ಒಂದು ಮಾತು ಹೇಳದೆ ಇಂಥ ಅಣಕು ಕಾರ್ಯಾಚರಣೆ ಇಡೋದು ಸರಿಯಲ್ಲ."

"ಹ್ಹಂ? ಯಾವ ಕಾರ್ಯಾಚರಣೆ? ನಾನು ಬೆಳಿಗ್ಗೆಯಿಂದ ಹಲ್ಲಿನ ಡಾಕ್ಟರ ಹತ್ರ ಬಾಯಿ ಬಿಟ್ಕೊಂಡು ಕೂತಿದ್ದೀನಿ. ತಿಳೀತಾ?"

ದೊಡ್ಡಕ್ಕ ನಿಧಾನವಾಗಿ ಫೋನು ಇಟ್ಟು ತಿರುಗಿದಳು. ಅಣಕು ಕಾರ್ಯಾಚರಣೆ ಎಂದಮೇಲೆ ಅಣಕಿಸುವವನು ಒಬ್ಬ ಬೇಕಲ್ಲ! ಗಿಳಿರಾಯನಿಗೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಕೆಮ್ಮು ಕೇಳಿದರೆ ಕೆಮ್ಮುವವರ ಇಡೀ ವಂಶವನ್ನೇ ಅಣಕಿಸಬಲ್ಲ ಗಂಟಲು ಅವನದು. ಅವನ ಹಿಂದೆ ಡ್ರೈವರ್, ಡ್ರೈವರಿನ ಹಿಂದೆ ಪಿಸುಮಾತು, ಎಲ್ಲರ ಹಿಂದೆ ಬಾಗಿಲಿಗೆ ಅರ್ಧ ಮರೆಯಾಗಿ ಡಾಕ್ಟರಮ್ಮ.

"ನೀವೂನಾ?" ಎಂದಳು ದೊಡ್ಡಕ್ಕ.

"ನೀವು ರಜೆ ಹಾಕ್ತೀರೋ ಇಲ್ವೋ ಅಂತ..." ಎಂದು ಡಾಕ್ಟರಮ್ಮ ತೊದಲಿದರು. "ನೀವಿಲ್ದೆ ನಾವು ನಡೆಸ್ತೀವಿ ಅಂತ ತೋರಿಸೋಣ ಅಂತಿದ್ವಿ ಅಕ್ಕಾ. ಆದ್ರೆ ನಡೆಸೋಕೆ ಆಗ್ಲಿಲ್ಲ."

ಕುಚೇಷ್ಟೆ ಕೆಟ್ಟು ಕೆರ ಹಿಡಿದಿತ್ತು. ಎಲ್ಲರೂ ಬೈಗುಳಕ್ಕೆ ಬೆನ್ನೊಡ್ಡಿ ನಿಂತರು. ದೊಡ್ಡಕ್ಕ ಸೊಂಟಕ್ಕೆ ಕೈ ಹಾಕಿದಳು. ಗೊಂಚಲು ಬಿಚ್ಚಿದಳು. ಮೇಜಿನ ಮೇಲೆ ಇಟ್ಟಾಗ ಅದು ಎಷ್ಟು ದೊಡ್ಡ ಸದ್ದು ಮಾಡಿತೆಂದರೆ ಅವಳೇ ಬೆಚ್ಚಿದಳು.

"ಹದಿನೇಳು ಚೀಟಿ ಕತ್ತರಿಸ್ಕೊಂಡು ಬಾ" ಎಂದಳು ಗಿಳಿರಾಯನಿಗೆ. "ಅಕ್ಷರ ಮುದ್ದಾಗಿರಲಿ. ನಾಳೆ ಇನ್ನೊಂದು ಸಲ ಸಾಯ್ತೀನಿ."

ಮುಂದಿನ ದಿನಗಳಲ್ಲಿ ಕೇಂದ್ರದ ಗೋಡೆಗಳು ಮಾತಾಡತೊಡಗಿದವು. ಕೀಗಳಿಗೆ ಬಣ್ಣದ ಚೀಟಿ, ಕಪಾಟುಗಳಿಗೆ ಅದೇ ಬಣ್ಣದ ಪಟ್ಟಿ. ಟೈಲರನ ನಂಬರು ಹೊಡೆದುಹಾಕಿ ಡ್ರೈವರಿನದು ಬಂತು. ಸಂಜೆ ಹೊರರೋಗಿಗಳು ಹೋದಮೇಲೆ ದೊಡ್ಡಕ್ಕ ಕುರ್ಚಿಯಲ್ಲಿ ಕೂತು ತಲೆಯೊಳಗಿನ ದಾಖಲೆಗಳನ್ನು ಒಂದೊಂದಾಗಿ ಇಳಿಸುವಳು, ಪಿಸುಮಾತು ಬರೆದುಕೊಳ್ಳುವಳು. ವಾರಕ್ಕೆರಡು ಸಲ ಚೀಟಿ ಎತ್ತಿ, ಯಾರ ಹೆಸರು ಬಂದರೆ ಅವರ ಕೊರಳಿಗೆ ರಟ್ಟು. ಒಂದು ದಿನ ಡಾಕ್ಟರಮ್ಮ ಇಲ್ಲ, ಇನ್ನೊಂದು ದಿನ ಡ್ರೈವರ್ ಇಲ್ಲ. ಗಿಳಿರಾಯ ಇಲ್ಲದ ದಿನ ಎಲ್ಲರಿಗೂ ಕಿವಿಗೆ ವಿಶ್ರಾಂತಿ. ಹಲಗೆಯ ಮೇಲಿನ ಮೂರು ಎರಡಾಯಿತು, ಒಂದಾಯಿತು, ಒಂದರಲ್ಲೇ ಒಂದು ವಾರ ಹಟ ಹಿಡಿದು ನಿಂತಿತು.

ಡಾಕ್ಟರಮ್ಮ ಆ ಹಲಗೆಯ ಫೋಟೋ ತೆಗೆದು, ನಾಲ್ಕು ವರ್ಷದಿಂದ ಖಾಲಿ ಬಿದ್ದಿದ್ದ ನರ್ಸ್ ಹುದ್ದೆ ತುಂಬಿಕೊಡಿ ಎಂಬ ಪತ್ರಕ್ಕೆ ಅಂಟಿಸಿ ಕಳಿಸಿದರು. ಮೇಲಧಿಕಾರಿ ಖುದ್ದಾಗಿ ಬಂದರು; ತಮ್ಮ ಗಂಟಲು ಅಣಕಿಸಿದ ಸುದ್ದಿಯೂ ಕಿವಿಗೆ ಬಿದ್ದಿತ್ತು, ಬಯ್ಯಲೆಂದೇ ಬಂದರು. ಅರ್ಧ ಗಂಟೆ ನಿಂತು ನೋಡಿದರು. "ಹ್ಹಂ. ಬೇರೆ ಕೇಂದ್ರಗಳಲ್ಲೂ ಇದನ್ನ ಮಾಡಿಸಬೇಕು. ನರ್ಸ್ ಸೋಮವಾರ ಬರ್ತಾಳೆ" ಎಂದರು. ಹೊರಡುವಾಗ ಗಿಳಿರಾಯನ ಹತ್ತಿರ ನಿಂತು, "ನಾನು ಅಷ್ಟೊಂದು ಕೆಮ್ತೀನೇನಯ್ಯ?" ಎಂದು ಕೇಳಿದರು. "ಇಲ್ಲ ಸಾರ್. ಅಷ್ಟೊಂದು ಕೆಮ್ಮೋನು ನಾನು" ಎಂದ ಗಿಳಿರಾಯ.

ದೊಡ್ಡಕ್ಕ ಡ್ರಾಯರಿನ ಅರ್ಜಿ ತೆಗೆದು ಸಹಿ ಹಾಕಿದಳು.

ಸೋಮವಾರ ಆಪರೇಷನ್ ಆಯಿತು. ಗುರುವಾರ ಬೆಳಿಗ್ಗೆ ಆಸ್ಪತ್ರೆಯ ವಾರ್ಡಿನಲ್ಲಿ, ಹೊಸ ಮಂಡಿಯನ್ನು ದಿಂಬಿನ ಮೇಲೆ ಏರಿಸಿ ಮಲಗಿದ್ದಾಗ, ಪಕ್ಕದ ಮಂಚದವಳನ್ನು ನೋಡಲು ಬಂದವರು ಸುದ್ದಿ ತಂದರು: ಅವಳ ಕೇಂದ್ರದ ಮೂರು ಬೀದಿಗಳಲ್ಲಿ ನಲ್ಲಿ ನೀರಿಗೆ ಕೊಳಚೆ ಸೇರಿ, ಎಲ್ಲರಿಗೂ ವಾಂತಿ ಭೇದಿ.

ದೊಡ್ಡಕ್ಕ ಕಾಲು ಕೆಳಗಿಡಲು ಹೋದಳು. ಕಾಲು ಒಪ್ಪಲಿಲ್ಲ. ಮಗಳ ಫೋನು ಕಿತ್ತುಕೊಂಡು ಹಚ್ಚಿದಳು. ಎರಡು ಸಲ ಲೈನು ಸಿಗಲಿಲ್ಲ. ಮೂರನೆಯ ಸಲ ಯಾರೋ ಎತ್ತಿದರು. ಗಂಟಲು ಗಂಟೆಯಂತಿತ್ತು.

"ಆರೋಗ್ಯ ಕೇಂದ್ರ, ಹೇಳಿ!"

"ನಾನು ಕಣೇ!"

"ನಾನು ಅಂದ್ರೆ ಯಾರು?"

"ಅಯ್ಯೋ, ದೊಡ್ಡಕ್ಕ ಕಣೇ! ಡ್ರಿಪ್ ಬಾಟಲಿ ನೀಲಿ ಪಟ್ಟಿ ಕಪಾಟಲ್ಲಿ—"

"ದೊಡ್ಡಕ್ಕ ಇಲ್ಲ" ಎಂದಳು ಪಿಸುಮಾತು. "ರಟ್ಟು ಇಲ್ಲೇ ಮೊಳೆಗೆ ತಗುಲಾಕಿದೆ. ನಲವತ್ತೊಂದು ಜನ ಬಂದಿದ್ದಾರೆ, ಡ್ರಿಪ್ ಬೇಕಾದವರಿಗೆಲ್ಲ ಹಾಕಿದ್ದೀವಿ, ನಲ್ಲಿ ಬಂದ್ ಮಾಡಿಸಿ ಟ್ಯಾಂಕರ್ ತರಿಸಿದ್ದೀವಿ. ಹೊಸ ನರ್ಸಕ್ಕ ಮನೆಮನೆಗೆ ಹೋಗಿದ್ದಾರೆ. ಹಲಗೆ ಮೇಲೆ ಸೊನ್ನೆ. ಈಗ ಫೋನ್ ಇಡಿ, ಸತ್ತವರ ಹತ್ರ ಮಾತಾಡೋಕೆ ಟೈಮಿಲ್ಲ."

ಆದರೆ ಫೋನು ಇಡುವ ಮುನ್ನ, ಆ ಗದ್ದಲದ ಹಿಂದಿನಿಂದ ಇನ್ನೊಂದು ದನಿ ಕೇಳಿಸಿತು. ಯಾರೋ ಹೆಂಗಸು ಗದರಿಸುತ್ತಿದ್ದಳು: "ಎಲ್ಲಿಗ್ರಪ್ಪಾ ನುಗ್ತೀರಿ? ಕೈ ತೊಳ್ಕೊಂಡು ಸಾಲಲ್ಲಿ ನಿಲ್ಲಿ! ನನ್ನ ಮಂಡಿ ನೋವಿಗಿಂತ ದೊಡ್ಡದಾ ನಿಮ್ಮ ಅವಸರ?"

ದೊಡ್ಡಕ್ಕನಿಗೆ ಆ ದನಿ ಚೆನ್ನಾಗಿ ಗೊತ್ತಿತ್ತು. ಐವತ್ತೇಳು ವರ್ಷದಿಂದ ತನ್ನ ಬಾಯಿಂದಲೇ ಅದನ್ನು ಕೇಳಿದ್ದಳು.

ಪಿಸುಮಾತಿಗೂ ತಡೆಯಲಾಗಲಿಲ್ಲ, ಕಿಸಕ್ಕೆಂದಳು. "ಗಿಳಿಯಣ್ಣ. ಪರದೆ ಹಿಂದೆ ನಿಂತು ನಿಮ್ಮ ಥರಾನೇ ಗದರಿಸ್ತಿದ್ದಾರೆ. ಡಾಕ್ಟರಮ್ಮ ಹೇಳಿದ್ರೆ ಯಾರೂ ಸಾಲು ನಿಲ್ತಿರಲಿಲ್ಲ. ಈಗ ನೋಡಿ, ದಾರ ಹಿಡಿದ ಹಾಗೆ ನಿಂತಿದ್ದಾರೆ."

ಲೈನು ಕಡಿಯಿತು. ಮಗಳು ಗಾಬರಿಯಿಂದ, "ಏನಂತೆ ಅಮ್ಮಾ?" ಎಂದಳು.

"ನಾನು ಇಲ್ವಂತೆ" ಎಂದಳು ದೊಡ್ಡಕ್ಕ. "ಇಲ್ದೆ ಇದ್ರೂ ಅಲ್ಲಿ ನಿಂತು ಎಲ್ಲರನ್ನೂ ಬೈತಿದ್ದೀನಂತೆ!"

ಮೊದಲು ಹೊಟ್ಟೆ ಕುಲುಕಿತು, ಆಮೇಲೆ ಮಂಚ ಕುಲುಕಿತು. ಮಗಳು ನಕ್ಕಳು, ಪಕ್ಕದ ಮಂಚದವಳು ನಕ್ಕಳು, ಯಾಕೆಂದು ತಿಳಿಯದೆ ಅವಳನ್ನು ನೋಡಲು ಬಂದವರೂ ನಕ್ಕರು. ವಾರ್ಡಿನ ನರ್ಸು ಓಡಿಬಂದು, "ಹೊಲಿಗೆ ಬಿಚ್ಚತ್ತೆ, ಮೆಲ್ಲಗೆ ನಗ್ರಮ್ಮಾ!" ಎಂದು ಗದರಿದಳು. ಮೆಲ್ಲಗೆ ನಗುವುದನ್ನು ದೊಡ್ಡಕ್ಕ ಕಲಿತವಳೇ ಅಲ್ಲ. ಅವಳ ನಗು ಕಾರಿಡಾರು ದಾಟಿ, ಮೆಟ್ಟಿಲು ಇಳಿದು, ಕೆಳಗೆ ಆ ಆಸ್ಪತ್ರೆಯ ಔಷಧಿ ಕಿಟಕಿಯ ಮುಂದೆ ಸಾಲು ನಿಂತವರನ್ನೆಲ್ಲ ತಲೆಯೆತ್ತಿ ನೋಡುವಂತೆ ಮಾಡಿತು.