ಮೋಟರಿನ ಹೊಟ್ಟೆಗೆ ಸಿಂಧೂರ

ಕಾಮಣ್ಣ ತನ್ನ ಮೋಟರಿನ ಹೊಟ್ಟೆಯನ್ನು ಮೊದಲ ಸಲ ನೋಡಿದ್ದು ಅದನ್ನು ಕೊಂಡು ತಂದ ಒಂಬತ್ತನೆಯ ದಿನ. ಅದೂ ನೋಡಬೇಕೆಂದು ನೋಡಿದ್ದಲ್ಲ. ಕೋಳಿಯೊಂದು ಗಾಡಿಯ ಕೆಳಗೆ ಮೊಟ್ಟೆ ಇಟ್ಟಿತ್ತು. ಅದನ್ನು ತೆಗೆಯಲು ಅಂಗಾತ ಮಲಗಿ ತೆವಳಿಕೊಂಡು ಹೋದವನ ಕಣ್ಣಿಗೆ ಮೇಲಿನಿಂದ ಏನೋ ಉದುರಿತು. ಉಜ್ಜಿಕೊಂಡು ನೋಡಿದರೆ ತುಕ್ಕು. ಬೆರಳಿನಿಂದ ಒತ್ತಿದ, ಹಪ್ಪಳದಷ್ಟು ಅಗಲದ ಚಕ್ಕೆ ಎದೆಯ ಮೇಲೆ ಬಿತ್ತು. ಇನ್ನೊಂದು ಕಡೆ ಒತ್ತಿದ, ಇನ್ನೊಂದು ಬಿತ್ತು. ಮೂರನೆಯ ಕಡೆ ಒತ್ತುವ ಧೈರ್ಯ ಬರಲಿಲ್ಲ. ಮೊಟ್ಟೆಯನ್ನೂ ಅಲ್ಲೇ ಬಿಟ್ಟು ಹೊರಗೆ ಬಂದ.

ಈ ಕಾಮಣ್ಣ ಎಂಥ ಶಾಣ್ಯಾ ಎಂದು ಕೇಳಬೇಕು ನೀವು! ಅಕ್ಕಲಕೋಟೆಯ ಅಂಚಿನ ಕುರುಬರ ಓಣಿಯಲ್ಲಿ ಅವನನ್ನು ಜೊತೆಗೆ ಕರೆಯದೆ ಯಾರೂ ಕುರಿ ಕೊಳ್ಳಲು ಸಂತೆಗೆ ಹೋಗುತ್ತಿರಲಿಲ್ಲ. ಕುರಿಯನ್ನು ಕೆಡವಿ, ಹೊಟ್ಟೆ ಮುಟ್ಟಿ, ಕೆಚ್ಚಲು ಹಿಚುಕಿ, ಗೊರಸಿನ ಸಂದು ಬಿಡಿಸಿ, ಹಲ್ಲು ಎಣಿಸಿ, ಆಮೇಲೆಯೇ ಅವನು ಹೂಂ ಅನ್ನುವುದು. ಅಂಥವನು ಹದಿನೆಂಟು ಕುರಿ ಮಾರಿ ಸೊಲ್ಲಾಪುರದಲ್ಲಿ ಈ ಹಳೆಯ ಪಿಕಪ್ ಮೋಟರ್ ಕೊಳ್ಳುವಾಗ ಏನು ನೋಡಿದ? ಹಾರ್ನ್ ಒತ್ತಿ ನೋಡಿದ. ಹೊಸದಾಗಿ ಬಳಿದ ನೀಲಿ ಬಣ್ಣ ನೋಡಿದ. ಕನ್ನಡಿಯಲ್ಲಿ ತನ್ನ ಮೀಸೆ ನೋಡಿದ. ಹಿಂದೆ ಎರಡು ವರ್ಷ ಬಸ್ಸಿನ ಕ್ಲೀನರ್ ಆಗಿದ್ದೆ, ಮೋಟರಿನ ವಿದ್ಯೆ ನನಗೆ ಯಾರೂ ಕಲಿಸಬೇಕಾಗಿಲ್ಲ ಎಂಬ ಜಂಬ ಬೇರೆ. ಯುದ್ಧಕಾಲದ ಆ ಗಾಡಿ ಆರು ವರ್ಷ ಉಪ್ಪಿನ ಮೂಟೆ ಹೊತ್ತಿದೆ ಎಂದು ಮಾರಿದವನು ತಾನಾಗಿಯೇ ಹೇಳಿದ್ದ. ಭಾರ ಹೊತ್ತು ಪಳಗಿದ ಗಾಡಿ ಎಂದು ಕಾಮಣ್ಣ ಹಿಗ್ಗಿದ್ದ. ಉಪ್ಪು ಕಬ್ಬಿಣವನ್ನು ತಿನ್ನುತ್ತದೆಂಬುದು ಆ ವಿದ್ಯಾವಂತನಿಗೆ ಹೊಳೆಯಲೇ ಇಲ್ಲ.

ಕುರಿ ಅವನವಾಗಿದ್ದರೆ ಹಣೆ ಚಚ್ಚಿಕೊಂಡು ಸುಮ್ಮನಾಗಬಹುದಿತ್ತು. ಅವು ಹೆಂಡತಿ ಗಂಗುಬಾಯಿಯವು. ಮದುವೆಯಲ್ಲಿ ಮಂದ್ರೂಪದ ತವರಿನವರು ಎರಡು ಹೆಣ್ಣುಮರಿ ಕೊಟ್ಟಿದ್ದರು. ಹದಿನಾಲ್ಕು ವರ್ಷದಲ್ಲಿ ಅವು ಮೂವತ್ತಾಗಿದ್ದವು. ತವರಿನ ಕುರಿಯ ಸಂತಾನ ಹೆಣ್ಣುಮಗಳದ್ದು. ಗಂಡನಾದವನು ಉಣ್ಣೆ ಕತ್ತರಿಸಬಹುದು, ಅವಳನ್ನು ಕೇಳದೆ ಮಾರುವ ಹಾಗಿಲ್ಲ. ಕಾಮಣ್ಣ ಕೇಳಿಯೇ ಮಾರಿದ್ದ. ಮೂರು ತಿಂಗಳು ಬೆನ್ನು ಹತ್ತಿ ಕೇಳಿದ್ದ. ಓಣಿಯವರ ಕುರಿ, ಉಣ್ಣೆ, ಕಂಬಳಿ ಎಲ್ಲ ನಮ್ಮ ಗಾಡಿಯಲ್ಲೇ ಸೊಲ್ಲಾಪುರಕ್ಕೆ ಹೋಗುತ್ತವೆ ಎಂದು ಆಸೆ ಹಚ್ಚಿದ್ದ. ಕೊನೆಗೆ ಅವಳು, "ನಿಮ್ಮ ಮ್ಯಾಲ ಭರೋಸಾ ಇಟ್ಟು ಕೊಡಾಕತ್ತೀನಿ ನೋಡ್ರಿ" ಎಂದಿದ್ದಳು. ಈಗ ಆ ಮಾತು ನೆನಪಾಗಿ, ಎದೆಯ ಮೇಲಿನ ತುಕ್ಕನ್ನು ಅವಳಿಗೆ ಕಾಣದ ಹಾಗೆ ಕೊಡವಿಕೊಂಡ.

ಮರುದಿನ ಉಣ್ಣೆಯ ಧಾರಣೆ ಕೇಳಿ ಬರುತ್ತೇನೆಂದು ಸುಳ್ಳು ಹೇಳಿ ಬಸ್ಸು ಹತ್ತಿದ. ಸ್ವಂತ ಮೋಟರ್ ಇದ್ದವನು ಬಸ್ಸಿಗೆ ಚೀಟಿ ತೆಗೆಸುವುದನ್ನು ನೋಡಿ ಕಂಡಕ್ಟರನೇ ನಕ್ಕ. ಸೊಲ್ಲಾಪುರದಲ್ಲಿ ಕಲ್ಯಾಣಪ್ಪ ಮಿಸ್ತ್ರಿ ಅವನ ಕ್ಲೀನರ್ ಕಾಲದ ಪರಿಚಯ. ಮಿಸ್ತ್ರಿ ಎಲ್ಲ ಕೇಳಿಸಿಕೊಂಡು ಬೆರಳು ಮಡಚಿ ಹೇಳಿದ: ಮೊದಲು ತುಕ್ಕನ್ನೆಲ್ಲ ಕೆರೆಯಬೇಕು, ಬೆಳ್ಳಗಿನ ಕಬ್ಬಿಣ ಕಾಣುವ ತನಕ, ತೂತು ಬಿದ್ದಲ್ಲಿ ಹೊಸ ತಗಡು ಬೆಸೆಯಬೇಕು, ಆಮೇಲೆ ಅಗಸೆ ಎಣ್ಣೆಯಲ್ಲಿ ಸಿಂಧೂರ ಕಲಸಿ ಎರಡು ಕೈ ಹಚ್ಚಬೇಕು. ರೈಲಿನ ಸೇತುವೆಗೆ ಬಳಿಯುವುದೂ ಅದನ್ನೇ ಎಂದ.

ಸಿಂಧೂರ ಎಂದದ್ದೇ ಕಾಮಣ್ಣನ ಮುಖ ಅರಳಿತು. ಸಿಂಧೂರದ ವಿಷಯ ಇವನಿಗೆ ಮಿಸ್ತ್ರಿ ಹೇಳಿಕೊಡಬೇಕೇ? ಓಣಿಯ ಗುಡಿಯ ಹಣಮಪ್ಪನಿಗೆ ಅಜ್ಜನ ಕಾಲದಿಂದ ಹಚ್ಚುತ್ತ ಬಂದಿದ್ದಾರೆ. ಹಣಮಪ್ಪನನ್ನು ಯಾರಾದರೂ ಕೆರೆದು ಹಚ್ಚುತ್ತಾರೆಯೇ? ಹಳೆಯದರ ಮೇಲೆ ಹೊಸದು, ಅದರ ಮೇಲೆ ಮತ್ತೊಂದು. ವರ್ಷ ವರ್ಷಕ್ಕೆ ದೇವರು ದಪ್ಪಗಾಗುತ್ತಾನೆಯೇ ಹೊರತು ಸವೆಯುವುದಿಲ್ಲ. ಹೀಗೆಲ್ಲ ತನಗೆ ತಾನೇ ಸಮಾಧಾನ ಹೇಳಿಕೊಂಡ. ನಿಜ ಏನೆಂದರೆ, ಕೆರೆದ ಮೇಲೆ ಗಾಡಿ ಎಷ್ಟು ಉಳಿದೀತು ಎಂದು ಅವನಿಗೆ ಹೆದರಿಕೆಯಾಗಿತ್ತು. ಪೂಜೆ ಸಾಮಾನಿನ ಅಂಗಡಿಯಲ್ಲಿ ನಾಲ್ಕು ಸೇರು ಸಿಂಧೂರ ಕಟ್ಟಿಸಿಕೊಂಡು ಊರಿಗೆ ಬಂದ.

ಅದನ್ನು ಅಗಸೆ ಎಣ್ಣೆಯಲ್ಲಿ ಕಲಸಿ ಮೂರು ದಿನ ಗಾಡಿಯ ಕೆಳಗೇ ಮಲಗಿ ಹಚ್ಚಿದ. ಉದುರುವ ಚಕ್ಕೆಯನ್ನು ಉದುರಗೊಡದೆ ಅದರ ಮೇಲೆಯೇ ಮೆತ್ತಿದ. ತೂತಿಗೆ ಚಿಂದಿ ತುರುಕಿ ಅದರ ಮೇಲೂ ಮೆತ್ತಿದ. ಮೀಸೆ ಕೆಂಪಾಯಿತು, ಕಿವಿ ಕೆಂಪಾಯಿತು. ನಾಲ್ಕನೆಯ ದಿನ ಹಣಮಪ್ಪನ ಪೂಜಾರಿ ಸಿದ್ದಣ್ಣ ಆ ದಾರಿಯಲ್ಲಿ ಹೋಗುತ್ತಿದ್ದವನು ಬಗ್ಗಿ ನೋಡಿದ. ಹೊಟ್ಟೆಯ ತುಂಬ ಸಿಂಧೂರ! ಹರಕೆ ಏನಪ್ಪಾ ಎಂದು ಕೇಳಿದ. ಅಲ್ಲ ಎನ್ನುವುದಕ್ಕೆ ಕಾಮಣ್ಣನಿಗೆ ಬಾಯಿ ಇರಲಿಲ್ಲವೇ? ಇತ್ತು. ಆ ಬಾಯಿ ಹೂಂ ಅಂದಿತು. ಸಂಜೆಯೊಳಗೆ ಓಣಿಯ ಹೆಣ್ಣುಮಕ್ಕಳು ತೆಂಗಿನಕಾಯಿ ತಂದು ಒಡೆದರು. ಸಿಂಧೂರ ಏರಿದ ಮೇಲೆ ಅದಕ್ಕೆ ಕಬ್ಬಿಣ ತಾಗಿಸಬಾರದು ಎಂದು ಸಿದ್ದಣ್ಣ ದೇವರ ಅಪ್ಪಣೆ ಕೊಡಿಸಿಯೂ ಬಿಟ್ಟ. ಕಾಮಣ್ಣ ಒಂದು ದಿನ ಭಕ್ತನಾಗಿ ಮೀಸೆ ತಿರುವುತ್ತ ಓಡಾಡಿದ.

ಅದು ಒಂದೇ ದಿನ. ಆ ತನಕ ಗಂಗುಬಾಯಿ ಗಾಡಿಯಲ್ಲಿ ಕಾಲಿಟ್ಟವಳಲ್ಲ. ಅದರ ಗಡಗಡ ಸದ್ದಿಗೇ ಅವಳ ಎದೆ ನಡುಗುತ್ತಿತ್ತು. ಈಗ ಅವಳಾಗಿಯೇ ಬಂದು, ಕೆಳಗೆ ದೇವರು ಕುಂತ ಮೇಲೆ ಇನ್ನೇನು ಅಂಜಿಕೆ, ಆದಿತ್ಯವಾರ ಉಳಿದ ಹನ್ನೆರಡು ಕುರಿಯನ್ನೂ ಹಾಕಿಕೊಂಡು ಮಂದ್ರೂಪಕ್ಕೆ ಹೋಗೋಣ ಎಂದಳು. ಕಬ್ಬು ಕಡಿದ ಹೊಲದಲ್ಲಿ ತಿಂಗಳು ಮೇಯಲಿ, ತವರಿನವರೂ ಗಾಡಿ ನೋಡಲಿ. ತಾನು ಹಿಂದೆ ಕುರಿಗಳ ನಡುವೆ ಕೂಡುತ್ತೇನೆ, ಇಲ್ಲದಿದ್ದರೆ ಅವು ಬೆದರುತ್ತವೆ ಎಂದೂ ಹೇಳಿದಳು.

ಕಾಮಣ್ಣ ಮತ್ತೆ ಕೆಳಗೆ ತೆವಳಿದ. ಹಿಂದಿನ ಹಲಗೆಗಳನ್ನು ಹೊತ್ತ ಅಡ್ಡಪಟ್ಟಿಯನ್ನು ಹೆಬ್ಬೆರಳಿನಿಂದ ಒತ್ತಿದ. ಸಿಂಧೂರ ಹಾಲಿನ ಕೆನೆಯಂತೆ ಮಡಚಿಕೊಂಡಿತು, ಬೆರಳು ಒಳಗೆ ಹೋಯಿತು. ಅಲ್ಲಿಯೇ ಮಲಗಿ ತನ್ನನ್ನು ತಾನೇ ಬಾಯಿಗೆ ಬಂದಂತೆ ಬೈದುಕೊಂಡ. ಎದ್ದು ಬಂದು ನೆಪ ಹುಡುಕಿದ. ಪೆಟ್ರೋಲ್ ಇಲ್ಲ ಎಂದ, ತರಿಸಿರಿ ಎಂದಳು. ದಿನ ಚಲೋ ಇಲ್ಲ ಎಂದ. ಸಿದ್ದಣ್ಣನನ್ನು ಕೇಳಿ ಬಂದೇ ಹೇಳಿದ್ದು ಎಂದಳು.

ಆದಿತ್ಯವಾರ ಮುಂಜಾನೆ ಅರ್ಧ ಓಣಿ ಸೇರಿತ್ತು. ಎರಡು ಕುರಿ ಮೇಲೆ ಏರಿಯೂ ಆಗಿತ್ತು. ಗಂಗುಬಾಯಿ ಹೊಸ ಇಳಕಲ್ ಸೀರೆಯುಟ್ಟು, ಗಾಡಿಯ ಕೆಳಗೆ ಬಗ್ಗಿ ಕೈ ಮುಗಿದು, ಹಲಗೆಯ ಮೇಲೆ ಕಾಲಿಡಲು ಹೋದಳು. ಕಾಮಣ್ಣ ಅವಳ ರಟ್ಟೆ ಹಿಡಿದ. ಎಲ್ಲರೂ ನೋಡುತ್ತಿದ್ದರು.

"ಏರಬ್ಯಾಡ ಗಂಗೂ. ತಳಾ ಕೊಳತೈತಿ. ಆ ಶೇಂದೂರ ದೇವರಿಗೆ ಹಚ್ಚಿದ್ದಲ್ಲ, ನಿನ್ನ ಕಣ್ಣಿಗೆ ಹಚ್ಚಿದ್ದು."

ಗಂಗುಬಾಯಿ ಅವನ ಮುಖವನ್ನು ನೋಡಿದಳು, ಗಾಡಿಯನ್ನು ನೋಡಿದಳು. ಏರಿದ್ದ ಎರಡು ಕುರಿಗಳನ್ನು ತಾನೇ ಎತ್ತಿ ಇಳಿಸಿದಳು. ಒಳಗೆ ಹೋಗಿ ಸೀರೆ ಬದಲಿಸಿ, ಕಳೆ ತೆಗೆಯುವ ಖುರ್ಪಿ ಹಿಡಿದುಕೊಂಡು ಬಂದು, ಅಂಗಾತ ಮಲಗಿ ಗಾಡಿಯ ಕೆಳಗೆ ಸರಿದಳು. ಸಿದ್ದಣ್ಣ ಪಾಪ ಬರುತ್ತದೆ ಎಂದು ಬಾಯಿ ಬಡಿದುಕೊಂಡ. ಹಚ್ಚಿದವರ ತಲೆಗೆ ಬರಲಿ ಎಂದು ಅವಳು ಒಳಗಿನಿಂದಲೇ ಅಂದಳು. ಹಚ್ಚಿದವನು ಇನ್ನೊಂದು ಖುರ್ಪಿ ಹಿಡಿದು ಆಚೆ ಮಗ್ಗುಲಿನಿಂದ ತೆವಳಿಕೊಂಡು ಹೋದ.

ಅವಳು ಅವನತ್ತ ತಿರುಗಲಿಲ್ಲ. "ನನ್ನ ಹದಿನೆಂಟು ಕುರಿ ಇದರಾಗ ಅದಾವ್ರಿ. ಎಷ್ಟು ಉಳದಾವ ನೋಡೂಣು" ಎಂದಳು.

ಕರಕರ ಕೆರೆದಳು. ಸಿಂಧೂರವೂ ತುಕ್ಕೂ ಅವಳ ಹಣೆಯ ಮೇಲೆ, ತುಟಿಯ ಮೇಲೆ ಉದುರಿದವು. ಅಂಗೈಯಗಲ ಗಟ್ಟಿ ಕಬ್ಬಿಣ ಬೆಳ್ಳಗೆ ಕಂಡಾಗ ಒಂದು ಎಂದು ಎಣಿಸಿದಳು. ಮತ್ತೊಂದು ಕಡೆ ಕಂಡಾಗ ಎರಡು ಎಂದಳು. ಊಟದ ಹೊತ್ತಿಗೆ ಎಣಿಕೆ ಹನ್ನೊಂದಕ್ಕೆ ಬಂತು. ಆಮೇಲೆ ಖುರ್ಪಿ ತಾಗಿದಲ್ಲೆಲ್ಲ ತೂತೇ ಬಿದ್ದು, ಅವಳು ಎಣಿಸುವುದನ್ನು ನಿಲ್ಲಿಸಿದಳು. ಕಾಮಣ್ಣನಿಗೆ ಏನಾದರೂ ಹೇಳಬೇಕೆನಿಸಿತು. ಕಳೆದುಹೋದ ಏಳು ಕುರಿಗೆ ಸಮನಾಗುವ ಮಾತು ಯಾವುದೆಂದು ತಿಳಿಯದೆ, ತನ್ನ ಕಡೆಯ ತುಕ್ಕನ್ನು ಕೆರೆಯುತ್ತಲೇ ಇದ್ದ.